ಸಾಕು ಸದ್ದು

ನಮ್ಮೂರಿನಲ್ಲಿ ವಿಡಿಯೊ ತೆಗೆದರೆ ಚಿತ್ರ ನಮ್ಮದು, ಸದ್ದು ಯಾರದೋ. ಹಳೆ ಫೋನಿನಲ್ಲಿ ತೆಗೆಯಿರಿ, ಹೊಸ ಕ್ಯಾಮೆರಾದಲ್ಲಿ ತೆಗೆಯಿರಿ, ಆಗುವುದು ಅಷ್ಟೇ. ಮಗ ಶಾಲೆಯ ಸ್ಟೇಜಿನ ಮೇಲೆ ಹಾಡಲು ಬಾಯಿ ತೆರೆದರೆ ಒಳಗಿನಿಂದ ಎಮ್ಮೆ ಕೂಗುತ್ತದೆ. ಮದುಮಗಳು ತಾಳಿಗೆ ತಲೆ ಬಗ್ಗಿಸಿದ ಹೊತ್ತಿನಲ್ಲಿ ಯಾರೋ ಬದನೆಕಾಯಿಗೆ ಚೌಕಾಸಿ ಮಾಡುತ್ತಿರುತ್ತಾರೆ. ಹೊರಗಿನಿಂದ ಬಂದ ಬೀಗರು ಮೊದಲ ಸಲ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಆಮೇಲೆ ತಮ್ಮ ಫೋನು ತೆಗೆದು ನೋಡಿಕೊಂಡು ಮುಖ ಸಣ್ಣದು ಮಾಡುತ್ತಾರೆ. ನಮಗೆ ಇದು ಅಭ್ಯಾಸ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ನಮ್ಮಲ್ಲಿ ಯಾರದೋ ಸದ್ದಿನಲ್ಲಿ ಎಲ್ಲರ ಮದುವೆಯೂ ಆಗಿಹೋಗುತ್ತದೆ.

ಹಾಗೆಂದು ಕೈಕಟ್ಟಿ ಕೂತವರು ನಾವಲ್ಲ. ಪ್ರತಿ ಭಾನುವಾರ ಹಳೆಯ ಹತ್ತಿ ಮಿಲ್ಲಿನ ಶೆಡ್ಡಿನಲ್ಲಿ ಸದ್ದಿನ ಸಂತೆ ಕೂಡುತ್ತದೆ. ಮನೆಯ ವಿಡಿಯೊ ಮಾಡುವ ಹವ್ಯಾಸದವರೆಲ್ಲ ಫೋನು, ಲ್ಯಾಪ್‌ಟಾಪು ಹೊತ್ತುಕೊಂಡು ಅಲ್ಲಿಗೆ ಬರುತ್ತಾರೆ. "ನನ್ನ ಕಡೆ ಕೋಳಿ ಜಗಳ ಬಂದೈತಿ, ಯಾರದ್ರಿ?" ಎಂದು ಒಬ್ಬರು ಕೂಗಿದರೆ, "ನಮ್ಮ ಹುಡುಗಿ ಹಾಡು ಹೋಗೈತಿ, ಯಾರಿಗರ ಸಿಕ್ಕೈತೇನು?" ಎಂದು ಇನ್ನೊಬ್ಬರು. ಗುರುತು ಸಿಗಲಿ ಎಂದು ನಾವು ಕ್ಯಾಮೆರಾ ಶುರು ಮಾಡಿದ ಕೂಡಲೇ ಚಪ್ಪಾಳೆ ತಟ್ಟುತ್ತೇವೆ, ಮನೆಗೊಂದು ಬಗೆಯ ಚಪ್ಪಾಳೆ. ನಮ್ಮ ಮನೆಯದು ಎರಡು ನಿಧಾನ, ಒಂದು ಚುರುಕು. ಹೋದರೆ ಒಂದು ತುಂಡು ಹೋಗಲಿ ಎಂದು ಯಾವುದನ್ನೂ ಉದ್ದಕ್ಕೆ ತೆಗೆಯುವುದಿಲ್ಲ, ತುಂಡು ತುಂಡಾಗಿ ತೆಗೆಯುತ್ತೇವೆ. ಕತ್ತರಿಸಿದ ಚೂರನ್ನು ಯಾರೂ ಎಸೆಯುವುದಿಲ್ಲ, ಅದು ಇನ್ನೊಬ್ಬರ ಮನೆಯ ಸೊತ್ತು. ಎಷ್ಟು ಹುಡುಕಿದರೂ ಸ್ವಂತ ಸದ್ದು ಸಿಗದಿದ್ದರೆ, ವಾರಸುದಾರರಿಲ್ಲದ ಯಾವುದಾದರೂ ಸದ್ದನ್ನು ತಂದು ಚಿತ್ರಕ್ಕೆ ಜೋಡಿಸುತ್ತೇವೆ. ಅದಕ್ಕೆ ಸಾಕು ಸದ್ದು ಎಂದು ಹೆಸರು, ಸಾಕು ಮಗ ಅಂದ ಹಾಗೆ. ಅಪರೂಪಕ್ಕೆ ಒಬ್ಬರ ಸದ್ದು ಎಲ್ಲಿಗೂ ಹೋಗದೆ ಅವರ ಚಿತ್ರದಲ್ಲೇ ಉಳಿಯುತ್ತದಂತೆ. ಅದು ಹುಟ್ಟು ಸದ್ದು. ಹಿರಿಯರು ಹೇಳುವುದನ್ನು ಕೇಳಿದ್ದೆವು, ಕಂಡವರು ಯಾರೂ ಇರಲಿಲ್ಲ.

ನಾನು ಚಂದ್ರವ್ವ. ಊರ ಅಗಸಿ ಬಾಗಿಲ ಹತ್ತಿರದ ಹಿಟ್ಟಿನ ಗಿರಣಿ ನಮ್ಮದು. ಗಿರಣಿಯ ಗದ್ದಲದ ಮೇಲೆ ಕೂಗಿ ಕೂಗಿ ನನ್ನ ಗಂಟಲು ದಪ್ಪಗಾಗಿದೆ. ಫೋನಿನಲ್ಲಿ ಮಾತಾಡಿದರೆ ಗುರುತಿಲ್ಲದವರು "ಹೇಳ್ರಿ ಅಣ್ಣಾರ" ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ನಾನೇ ಅಣ್ಣನ ಹಾಗೆ ಗದರಿಸಿ ಬಾಕಿ ಉಳಿದ ಕೆಲಸ ಮಾಡಿಸಿಕೊಳ್ಳುತ್ತೇನೆ. ಈ ಗಂಟಲಿನ ಮಾತು ಸುಮ್ಮನೆ ಹೇಳಲಿಲ್ಲ, ಮುಂದೆ ಅದಕ್ಕೆ ಕೆಲಸವಿದೆ.

ಐದು ವರ್ಷದ ಹಿಂದೆ ನನ್ನ ತಮ್ಮ ವಿರುಪಾಕ್ಷಿಗೆ ಹೆಣ್ಣು ಕೂಸು ಹುಟ್ಟಿತು. ತೀರಿಹೋದ ನಮ್ಮವ್ವನ ಹೆಸರು ಈರವ್ವ, ಅದನ್ನೇ ಇಡಬೇಕೆಂದು ನಾನು ಹಟ ಹಿಡಿದೆ. ತಮ್ಮನ ಹೆಂಡತಿ ಕಸ್ತೂರಿ, "ಈಗಿನ ಕಾಲದಾಗ ಈರವ್ವ ಅಂತ ಯಾರ್ ಇಡ್ತಾರ್ರಿ ಅಕ್ಕಾರ? ಸಾಲ್ಯಾಗ ಹುಡುಗ್ರು ನಗ್ತಾವು" ಎಂದಳು. ಅವಳ ತಾಯಿ ಬಸಲಿಂಗವ್ವ ಮಗಳ ಬೆನ್ನಿಗೆ ನಿಂತರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಮ್ಮನೇ ನಡುವಿನ ದಾರಿ ಹುಡುಕಿದ. ಹೆಸರು ಇರಾವತಿ. ಅವ್ವನ ಹೆಸರಿನ ನೆರಳೂ ಉಳಿಯಿತು, ಕಸ್ತೂರಿಯ ಹೊಸತನವೂ ಉಳಿಯಿತು. ಈರವ್ವ ಎಂಬ ಮಾತು ಮತ್ತೆ ಎತ್ತುವುದಿಲ್ಲವೆಂದು ನಾನು ಮಾತು ಕೊಟ್ಟೆ. ಬಾಯಿಮಾತಿಗೆ ಕೊಟ್ಟದ್ದಲ್ಲ, ಮನಸ್ಸಿನಿಂದ ಕೊಟ್ಟದ್ದು.

ನಮ್ಮ ಕಡೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಗುಟ್ಟಾಗಿ ಹೆಸರು ಹೇಳಬೇಕು. ಹೇಳುತ್ತಿರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಕೇಳಬೇಡಿ, ಗುದ್ದುವವರಿಗೆ ಬಹಳ ಸಂತೋಷ, ಅಷ್ಟು ಸಾಕು. ಕಿವಿಗೆ ಮೊದಲು ಬಿದ್ದದ್ದೇ ಹೆಸರು, ಅದರ ಮೇಲೆ ಅಪೀಲಿಲ್ಲ. ಆ ದಿನ ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಶುರು ಮಾಡಿ ಕೈ ಎತ್ತಿದೆ. "ಚಪ್ಪಾಳಿ ಬ್ಯಾಡವಾ, ಕೂಸಿಗೆ ಈಗರ ನಿದ್ದಿ ಹತ್ತೈತಿ" ಎಂದರು ಬಸಲಿಂಗವ್ವ. ಕೂಸಿನ ಮುಖ ನೋಡಿ ನಾನೂ ಕೈ ಇಳಿಸಿದೆ. ಬಗ್ಗಿದೆ. ಕುರ್ರ್ ಎಂದೆ. "ಇರಾ" ಎನ್ನುವಷ್ಟರಲ್ಲಿ ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು ನೋಡಿ, ಕಣ್ಣು ಕತ್ತಲಿಟ್ಟಿತು. ಆ ಗಳಿಗೆಯಲ್ಲಿ ಬಾಯಿಂದ ಏನು ಬಂತೆಂದು ನನಗೆ ನೆನಪಿಲ್ಲ. ಉಸಿರು ತಂದುಕೊಂಡು ಹೆಸರು ಪೂರ್ತಿ ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆದರೆ ಅಷ್ಟರಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ.

ನಗು ನಿಂತ ಮೇಲೆ ಬಸಲಿಂಗವ್ವ ಸೆಟೆದು ನಿಂತರು. "ಈರವ್ವ ಅಂದ್ಲು! ಕೊಟ್ಟ ಮಾತು ಮುರದು ತಮ್ಮ ಅವ್ವನ ಹೆಸರು ಹೇಳಿಬಿಟ್ಲು! ನಾ ನನ್ನ ಕಿವೀಲೇ ಕೇಳೀನಿ." ಕಸ್ತೂರಿ ತೊಟ್ಟಿಲು ಹಿಡಿದು ಅತ್ತಳು. ನಾನು ಇಲ್ಲವೆಂದೆ, ಆಣೆ ಮಾಡಿದೆ, ಕ್ಯಾಮೆರಾ ತೆಗೆದು ತೋರಿಸಿದೆ. ಚಿತ್ರದಲ್ಲಿ ನನ್ನ ಬಾಯಿಗೆ ಸೆರಗು ಅಡ್ಡ ಬಂದಿತ್ತು. ಸದ್ದಿನ ಜಾಗದಲ್ಲಿ ಯಾರೋ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದರು. ತಮ್ಮ ತಲೆ ತಗ್ಗಿಸಿ, "ಅಕ್ಕಾ, ಮಾತು ಕೊಟ್ಟು ಹಿಂಗ ಮಾಡಬಾರದಿತ್ತು" ಎಂದ. ಬಸಲಿಂಗವ್ವ ನೂರು ಅಂದರೂ ತಡೆದುಕೊಳ್ಳುತ್ತಿದ್ದೆ, ನಾನು ಎತ್ತಿ ಆಡಿಸಿದ ತಮ್ಮನ ಆ ಒಂದು ಮಾತು ಎದೆಗೆ ನಾಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಾನು ತಮ್ಮನ ಮನೆ ಹೊಸಿಲು ತುಳಿಯಲಿಲ್ಲ.

ಪಕ್ಕದ ಓಣಿಯಲ್ಲೇ ಅವನ ಮನೆ. ಕೂಸು ನಡೆಯಲು ಕಲಿತದ್ದು, ಹಲ್ಲು ಬಿದ್ದದ್ದು ಎಲ್ಲ ನನಗೆ ಗಿರಣಿಗೆ ಬಂದವರ ಬಾಯಿಂದ ತಿಳಿಯುತ್ತಿತ್ತು. ಅದಕ್ಕೆ ಹೆಸರೂ ಇರಲಿಲ್ಲ. ಈರವ್ವ ಎನ್ನಲು ತಾಯಿಗೆ ಮನಸ್ಸಿಲ್ಲ, ಕಿವಿಗೆ ಬೀಳದ ಹೆಸರಿನಿಂದ ಕರೆಯಲು ಹಿರಿಯರಿಗೆ ಧೈರ್ಯವಿಲ್ಲ. ಎಲ್ಲರೂ ಪುಟ್ಟಿ ಪುಟ್ಟಿ ಎಂದೇ ಕರೆದರು. ಈ ಸಲ ಅವಳನ್ನು ಶಾಲೆಗೆ ಸೇರಿಸುವಾಗ ಬೇರೆಯೇ ಯಾವುದೋ ಹೆಸರು ಬರೆಸುತ್ತಾರಂತೆ ಎಂಬ ಸುದ್ದಿ ಬಂತು. ಬರೆಸಿದರೆ ಮುಗಿಯಿತು, ನಾನು ಸುಳ್ಳಿ ಎಂಬುದೂ ಅದರ ಜೊತೆಗೇ ಬರೆದ ಹಾಗೆ.

ಈ ಐದು ವರ್ಷ ನಾನು ಒಂದು ಸಂತೆ ಬಿಟ್ಟವಳಲ್ಲ. ನನ್ನ ಸದ್ದು ಹುಡುಕುತ್ತ ಹುಡುಕುತ್ತಲೇ ಕತ್ತರಿಸುವುದು, ಜೋಡಿಸುವುದು ಎಲ್ಲ ಕಲಿತೆ. ಪಾದ ನೆಲಕ್ಕೆ ತಾಗಿದಾಗ ಹೆಜ್ಜೆಯ ಸದ್ದು ಒಂದು ಕೂದಲಿನಷ್ಟು ಹಿಂದೆ ಬಿದ್ದರೂ ನನಗೆ ಗೊತ್ತಾಗುತ್ತದೆ. ಊರಿನವರ ಎಷ್ಟೋ ಲಗ್ನ, ಎಷ್ಟೋ ಸೀಮಂತಕ್ಕೆ ಅವರವರ ಸದ್ದು ಹುಡುಕಿಕೊಟ್ಟೆ. ಅದೇ ನಾಮಕರಣದ ಜೋಗುಳದ ತುಂಡು ಕಿರಾಣಿ ಅಂಗಡಿಯವರ ಹತ್ತಿರ ಮೊದಲ ವಾರವೇ ಸಿಕ್ಕಿತ್ತು. ಕಿವಿಮಾತಿನ ತುಂಡು ಮಾತ್ರ ಇಲ್ಲ. ಚಪ್ಪಾಳೆಯಿಲ್ಲದ ಪಿಸುಮಾತನ್ನು ಯಾರು ಗುರುತು ಹಿಡಿದಾರು?

ಶಾಲೆ ಶುರುವಾಗುವ ಮುಂಚೆ ನಮ್ಮಲ್ಲಿ ಪರದೆ ಹಬ್ಬ. ಶೆಡ್ಡಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ವರ್ಷವೆಲ್ಲ ಮಾಡಿದ ಮನೆಯ ವಿಡಿಯೊಗಳನ್ನು ಊರಿಗೆ ತೋರಿಸುತ್ತೇವೆ. ಈ ಸಲ ಕೊನೆಗೆ ಬಂದದ್ದು ಟೇಲರ್ ರುದ್ರಪ್ಪನದು, "ನಮ್ಮವ್ವನ ರೊಟ್ಟಿ". ಅವನ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ಬದುಕಿದ್ದಾಗ ಆಕೆ ಜೋಳದ ರೊಟ್ಟಿ ಬಡಿಯುವುದನ್ನು ತೆಗೆದಿಟ್ಟಿದ್ದ. ರುದ್ರಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಇಷ್ಟ ವರ್ಷ ದೃಷ್ಟಿ ಆದೀತಂತ ಯಾರಿಗೂ ಹೇಳಿಲ್ರಿ. ಇದು ಸಾಕು ಸದ್ದಲ್ಲ, ಹುಟ್ಟು ಸದ್ದು. ನಮ್ಮವ್ವನ ಕೈ ಸದ್ದು ನಮ್ಮವ್ವನ ಕೂಡನ ಉಳದೈತಿ" ಎಂದ. ಹಿಂದೆ ಕೂತವರು ಎದ್ದು ನಿಂತರು.

ಪರದೆಯ ಮೇಲೆ ಮುದುಕಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಳು. ಸ್ಟೋವಿನದೆಂಬಂಥ ಸುರ್ರ್ ಸದ್ದು ಬಂತು. ಆಮೇಲೆ ರೊಟ್ಟಿ. ಧಪ್, ಧಪ್, ಧಪ್. ನಡುವೆ ಒಂದು ದಪ್ಪ ದನಿ, "ಅವ್ವಾ!" ಮತ್ತೆ ಧಪ್, ಧಪ್. ನನ್ನ ಅಕ್ಕಪಕ್ಕದವರು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ, ಬೆನ್ನು ಚುರ್ರೆಂದಿತು. ಆ ಕೂಗಿನ ಮುಂಚಿನ ದೊಡ್ಡ ಧಪ್ ಎರಡನೆಯ ಸಲ ಬಿದ್ದಾಗ ಕೂತಲ್ಲಿಯೇ ಮುಂದಕ್ಕೆ ಬಗ್ಗಿಬಿಟ್ಟೆ. ಕಿವಿ ಮರೆತರೂ ಪೆಟ್ಟು ತಿಂದ ಬೆನ್ನು ಮರೆಯುತ್ತದೆಯೇ? ಕಣ್ಣರಳಿಸಿ ಪರದೆ ನೋಡಿದೆ. ಪ್ರತಿ ಧಪ್ಪಿನ ಹಿಂದೆಯೂ ಝಣ್ ಎಂದು ಬಳೆಯ ಸದ್ದಿತ್ತು. ರುದ್ರಪ್ಪನ ತಾಯಿ ಗಂಡ ಹೋದ ಮೇಲೆ ಬಳೆ ತೊಟ್ಟವಳಲ್ಲ. ಪರದೆಯ ತುಂಬ ಆಡುತ್ತಿದ್ದದ್ದು ಆಕೆಯ ಎರಡು ಬರಿಗೈ.

ಮರುದಿನ ಅಂಗಡಿಗೆ ಹೋದೆ. ರುದ್ರಪ್ಪ ಶಾಲೆಯ ಯೂನಿಫಾರ್ಮಿನ ನೀಲಿ ಬಟ್ಟೆ ಕತ್ತರಿಸುತ್ತಿದ್ದ. "ಬರ್ರಿ ಚಂದ್ರಕ್ಕ, ಹೆಂಗಿತ್ತು ನಮ್ಮವ್ವನ ರೊಟ್ಟಿ?" ಎಂದು ಹಿಗ್ಗಿ ಕೇಳಿದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ರುದ್ರಪ್ಪಣ್ಣ, ಅದು ರೊಟ್ಟಿ ಅಲ್ಲ. ನನ್ನ ಬೆನ್ನು" ಎಂದೆ.

ಅವನು ಕತ್ತರಿ ಕೆಳಗಿಟ್ಟ. "ನಿಮಗೇನ್ ತಲಿ ಕೆಟ್ಟೈತೇನ್ರಿ? ನಡುವ ನಾ 'ಅವ್ವಾ' ಅಂತ ಕರದದ್ದು ಕೇಳ್ಸಲಿಲ್ಲೇನು?"

"ನೀ ಕರದಿದ್ದಲ್ಲ ಅದು. ನಾ ಚೀರಿದ್ದು."

"ಗಂಡಸಿನ ದನಿ ಐತ್ರೀ ಅಕ್ಕಾರ ಅದು!"

"ಹೌದಪಾ, ನಂದ. ಎಲ್ಲಿ, ನೀ ಒಮ್ಮೆ ಅವ್ವಾ ಅನ್ನು ನೋಡೋಣ."

ರುದ್ರಪ್ಪ ಸಿಟ್ಟಿನಿಂದಲೇ "ಅವ್ವಾ" ಎಂದ. ಪಾಪ, ಅವನದು ಸೂಜಿಯಂಥ ದನಿ. ನಾನು ಎದೆಯಿಂದ ಒಂದು "ಅವ್ವಾ" ತೆಗೆದೆ. ಎದುರಿನ ಚಹಾದ ಅಂಗಡಿಯವರು ಗಾಬರಿಯಾಗಿ ಇಣುಕಿದರು. ನಾನು ದನಿ ಇಳಿಸಿ, "ಅವ್ವಾರ ಕೈ ನೋಡು ರುದ್ರಪ್ಪಣ್ಣ. ಆಮ್ಯಾಲೆ ಬಳಿ ಸದ್ದು ಕೇಳು" ಎಂದೆ. ಅವನು ಫೋನು ತೆಗೆದು ನೋಡಿದ. ಮತ್ತೊಮ್ಮೆ ನೋಡಿದ. ಮೂರನೆಯ ಸಲ ನೋಡಲಿಲ್ಲ, ಫೋನನ್ನು ಬಟ್ಟೆಯ ಮೇಲೆ ಮಗುಚಿ ಇಟ್ಟ. ಅವನ ಮುಖ ನೋಡಿ ನನಗೆ ಯಾಕಾದರೂ ಬಂದೆನೋ ಅನ್ನಿಸಿತು. ತಾಯಿ ಇನ್ನೊಮ್ಮೆ ಸತ್ತಂತಿತ್ತು ಆ ಮುಖ.

ಅವನು ಗುಂಡಿ ಡಬ್ಬಿ ತೆಗೆದು, ಗುಂಡಿಗಳ ನಡುವೆ ಬೆರಳಾಡಿಸಿ ಒಂದು ಸಣ್ಣ ಕಾರ್ಡು ಆರಿಸಿ ಕೊಟ್ಟ. "ತಗೋರಿ. ಇಡೀ ತುಂಡು ಇದರಾಗೈತಿ. ಕಡೀಕ ಯಾರೋ ನಗ್ತಾರ, ಅದನ್ನಷ್ಟ ಕತ್ತರಿಸಿದ್ದೆ. ರೊಟ್ಟಿ ಸಾಲಲಿಲ್ಲಂತ ಒಂದ ಸದ್ದನ್ನ ನಾಕಾರು ಸಲ ಹಚ್ಚಿದ್ದೆ." ಆಮೇಲೆ ಕತ್ತರಿ ಕೈಗೆತ್ತಿಕೊಂಡು, "ಎಷ್ಟ ಚಂದ ಕೂಡಿತ್ತಲ್ರಿ. ಅದಕ್ಕ ನಮ್ಮವ್ವನ ಖರೇ ಸದ್ದು ಎಲ್ಲೈತಂತ ನಾ ಹುಡುಕಲೇ ಇಲ್ಲ" ಎಂದ.

"ನಾ ಹುಡುಕಿ ಕೊಡ್ತೀನಿ. ಬರಿಗೈ ಸದ್ದು, ಬಳಿ ಇಲ್ಲದ್ದು. ಸಿಗಲಾರದ ಎಲ್ಲಿ ಹೋಗ್ತೈತಿ?" ಎಂದೆ. "ನಿಮ್ಮ ಮಾತಿನ ಮ್ಯಾಲ ಬಿಟ್ಟೀನ್ರಿ" ಎಂದ ರುದ್ರಪ್ಪ. ಕೊಟ್ಟ ಮಾತು ಉಳಿಸಿಕೊಳ್ಳುವವಳು ನಾನು ಎಂದು ಊರಿನಲ್ಲಿ ಒಬ್ಬನಾದರೂ ನಂಬಿದನಲ್ಲ ಎಂದು ಸಮಾಧಾನವಾಯಿತು.

ಮಧ್ಯಾಹ್ನ ಗಿರಣಿ ನಿಲ್ಲಿಸಿ ಕಂಪ್ಯೂಟರಿನ ಮುಂದೆ ಕೂತೆ. ಮೇಲೆ ನಾಮಕರಣದ ಚಿತ್ರ, ಕೆಳಗೆ ರುದ್ರಪ್ಪನ ಸದ್ದು. ಪಕ್ಕದ ಮನೆಯವಳ ಮುಷ್ಟಿ ಇಳಿದಲ್ಲಿಗೆ ಮೊದಲ ಸಣ್ಣ ಧಪ್ ಸರಿಸಿದೆ, ಕೂಡಿತು. ಚಿಕ್ಕವ್ವನ ಮುಷ್ಟಿಗೆ ಎರಡನೆಯದು, ಅದೂ ಕೂಡಿತು. ಮೂರನೆಯದು ಪಾಟ್ಲಿ ಬಳೆ ತೊಟ್ಟ ಒಂದು ತೋಳು, ತಲೆಯ ಮೇಲಿನಿಂದ ಇಳಿದು ಬರುತ್ತದೆ. ಆ ತೋಳಿಗೂ ಆ ಸದ್ದಿಗೂ ನಾನು ಏನೂ ಮಾಡಬೇಕಾಗಲಿಲ್ಲ, ತಾವಾಗಿಯೇ ಹೋಗಿ ಕೂತವು. ದನಿ ಏರಿಸಿ ಕೇಳಿದೆ. ಸ್ಟೋವಿನ ಸುರ್ರ್ ಅಲ್ಲ, ನನ್ನ ಕುರ್ರ್. "ಇರಾ" ಅಂದೆ. ಧಪ್. "ಅವ್ವಾ!" ಅಂದೆ. ಎಲ್ಲರೂ ನಕ್ಕರು. ರುದ್ರಪ್ಪ ಕತ್ತರಿಸಿದ್ದ ಆ ನಗುವಿನ ಕೆಳಗೆ, ಏದುಸಿರಿನಲ್ಲಿ, ನನ್ನದೇ ದಪ್ಪ ಪಿಸುಮಾತು: "ಇರಾವತಿ. ಇರಾವತಿ ನನ ಕೂಸ." ನಾನು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ನಮ್ಮ ಯಜಮಾನರು ಬಂದು ನನ್ನ ಬಿಳಿ ಮುಖ ನೋಡಿ ಹೆದರಿದರು.

ತಮ್ಮನನ್ನು ಸಂತೆಗೆ ಕರೆತರುವುದು ಹೇಗೆ ಎಂದು ನಾನು ಚಿಂತಿಸುತ್ತಿದ್ದರೆ, ರುದ್ರಪ್ಪ ನಕ್ಕ. ಪುಟ್ಟಿಯ ಯೂನಿಫಾರ್ಮು ಅವನ ಹತ್ತಿರವೇ ಹೊಲಿಯಲು ಬಂದಿತ್ತು. "ಭಾನುವಾರ ಅಂಗಡಿ ತಗಿಯಂಗಿಲ್ರಿ, ಸಂತಿಗೆ ಬಂದು ಒಯ್ರಿ" ಎಂದು ಹೇಳಿಕಳಿಸಿದ. ನಾಳೆ ಶಾಲೆ ಎಂದ ಮೇಲೆ ಬಾರದೆ ಏನು ಮಾಡುತ್ತಾರೆ? ತಮ್ಮ ಬಂದ, ಕಸ್ತೂರಿ ಬಂದಳು, ಪುಟ್ಟಿಯ ಕೈಹಿಡಿದುಕೊಂಡು ಬಸಲಿಂಗವ್ವನೂ ಬಂದರು. ರುದ್ರಪ್ಪ ಯೂನಿಫಾರ್ಮಿನ ಪೊಟ್ಟಣ ಕೊಟ್ಟು, ಹಾಗೆಯೇ ಶೆಡ್ಡಿನ ನಡುವೆ ನಿಂತ. "ಪರದಿ ಹಬ್ಬದಾಗ ನಾ ನಿಮಗೆಲ್ಲ ತಪ್ಪ್ ಹೇಳಿದ್ನಿ. ಅದು ನಮ್ಮವ್ವನ ಸದ್ದಲ್ಲ. ಯಾರದಂತ ನೀವ ನೋಡ್ರಿ" ಎಂದು ತಾನೇ ವಿಡಿಯೊ ಹಚ್ಚಿದ. ಊರಿನೆದುರು ತನ್ನ ಸೋಲನ್ನು ಹೀಗೆ ತಲೆಯೆತ್ತಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಪರದೆಯ ಮೇಲೆ ತೊಟ್ಟಿಲು ಕಂಡ ಕೂಡಲೇ ಕಸ್ತೂರಿ ಹೊರಟು ನಿಂತಳು. ತಮ್ಮ ಅವಳ ಕೈ ಹಿಡಿದ. ಕುರ್ರ್. ಇರಾ. ಪಾಟ್ಲಿ ತೊಟ್ಟ ತೋಳು ಪರದೆಯ ತುದಿಯಿಂದ ಮೇಲೇರಿತು, ಇಳಿಯಿತು. ಧಪ್! "ಅವ್ವಾ!" ಶೆಡ್ಡು ಹಾರಿಹೋಗುವ ಹಾಗೆ ಜನ ನಕ್ಕರು. ನಗು ಇಳಿಯುತ್ತ ಬಂದಂತೆ ಪರದೆಯ ನಗುವೂ ಇಳಿದು, ಆ ಪಿಸುಮಾತು ಎಲ್ಲರಿಗೂ ಕೇಳಿಸಿತು. "ಇರಾವತಿ ನನ ಕೂಸ." ಆಮೇಲೆ ಯಾರೂ ನಗಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸಲಿಂಗವ್ವ ಪಾಟ್ಲಿಯ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. "ಇರಾ, ಅವ್ವಾ" ಎಂದು ತಮ್ಮಷ್ಟಕ್ಕೆ ಹೇಳಿ ನೋಡಿಕೊಂಡರು. ಇನ್ನೊಮ್ಮೆ ಹೇಳಿಕೊಂಡರು. "ನಾ ಅಷ್ಟ ಜೋರ ಗುದ್ದಿದ್ನೇನು?" ಎಂದು ಕೇಳಿದರು. "ಹೌದ್ರಿ!" ಎಂದು ಇಡೀ ಸಂತೆ ಕೂಗಿತು. ಆಕೆ ನೇರ ನನ್ನ ಹತ್ತಿರ ಬಂದು, "ಚಂದ್ರವ್ವಾ, ನನ್ನ ಕಿವಿದಲ್ಲವಾ ತಪ್ಪು, ಕೈದು" ಎಂದರು. ಹಮ್ಮಿನ ಹೆಂಗಸು, ಅಷ್ಟು ಹೇಳಿದ್ದೇ ದೊಡ್ಡದು. ತಮ್ಮನೂ ಹತ್ತಿರ ಬಂದ. ನನ್ನ ಎರಡೂ ಕೈ ಹಿಡಿದು ನಿಂತ, ಕಣ್ಣಲ್ಲಿ ನೀರು. "ಅಕ್ಕಾ, ಮನೀಗೆ ನಡಿ" ಎಂದ. ಐದು ವರ್ಷದಿಂದ ನಾನು ಕಾದದ್ದು ಈ ಎರಡು ಮಾತಿಗೆ. ಗೆದ್ದೆ ಎಂದು ಕುಣಿಯಬೇಕೆನ್ನಿಸಿತು, ಮೊಣಕಾಲಿನ ನೋವು ಬಿಡಲಿಲ್ಲ.

ಕಸ್ತೂರಿ ಮಗಳನ್ನು ಮುಂದೆ ತಂದಳು. ಯೂನಿಫಾರ್ಮು ಸರಿಯಾಗಿದೆಯೋ ಎಂದು ಅಲ್ಲೇ ತೊಡಿಸಿ ನೋಡಿದ್ದರು. ಮುಂದಿನ ವರ್ಷಕ್ಕೂ ಆಗಲೆಂದು ಹೊಲಿದ ದೊಡ್ಡ ಅಂಗಿಯಲ್ಲಿ ಹುಡುಗಿ ಮುಳುಗಿದ್ದಳು. "ಅಕ್ಕಾರ, ನಾಳೆ ಸಾಲ್ಯಾಗ ಹೆಸರ ಬರಸ್ಬೇಕು. ನೀವ ಇನ್ನೊಮ್ಮೆ ಅಕಿ ಕಿವ್ಯಾಗ ಹೇಳ್ರಿ. ಈ ಸಲ ಯಾರೂ ನಡುವ ಗುದ್ದಂಗಿಲ್ಲ" ಎಂದಳು. ಸಂತೆಯವರೆಲ್ಲ ಫೋನು ಎತ್ತಿದರು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಚಪ್ಪಾಳೆ ತಟ್ಟಿದರು, ನಾನು ಎರಡು ನಿಧಾನ, ಒಂದು ಚುರುಕು ತಟ್ಟಿ ಬಗ್ಗಿದೆ. "ಕುರ್ರ್. ಇರಾವತಿ." ಹುಡುಗಿ ಕಿವಿ ಉಜ್ಜಿಕೊಂಡು ನನ್ನ ಮುಖ ನೋಡಿದಳು. "ಅತ್ತಿ, ಚಂದ ಐತಿ. ಮತ್ತ್ ಯಾಕ ಕಳ್ಳರಗತೆ ಹೇಳ್ತಿ? ಎಲ್ಲಾರ್ಗೂ ಕೇಳೋಹಂಗ ಹೇಳು!"

ಗಿರಣಿಯ ಗಂಟಲು ದೇವರು ಸುಮ್ಮನೆ ಕೊಟ್ಟಿರುತ್ತಾನೆಯೇ? ಎದೆ ತುಂಬ ಉಸಿರೆಳೆದು "ಇರಾವತೀ!" ಎಂದು ಕೂಗಿದೆ. ಶೆಡ್ಡಿನ ತಗಡು ನಡುಗಿತು, ಮಾಡಿನ ಪಾರಿವಾಳ ಎದ್ದವು, "ಓ!" ಎಂದು ಹುಡುಗಿ ನನ್ನಷ್ಟೇ ಜೋರಾಗಿ ಓಗೊಟ್ಟಳು. ಬಸಲಿಂಗವ್ವನ ಕೈ ಸೆರಗಿನೊಳಗೆ ಚಡಪಡಿಸುತ್ತಿತ್ತು. "ಗುದ್ದ್ರಿ ಬೀಗರ, ಈಗ ಹೆಸರು ಪೂರ್ತಿ ಆಗೈತಿ" ಎಂದೆ. ಸ್ವಲ್ಪವಾದರೂ ಸಂಕೋಚಪಡಬಾರದೇ ಆ ಹೆಂಗಸು! ಬಳೆ ಝಣ್ ಎನ್ನುವಂತೆ ಹಾಕಿದರು ನೋಡಿ, ಮತ್ತೆ "ಅವ್ವಾ!" ಎಂದೆ. ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ರುದ್ರಪ್ಪನಿಗೆ ಕೊಟ್ಟ ಮಾತನ್ನೂ ನಡೆಸಿದೆ. ಅವನ ತಾಯಿಯ ಸದ್ದು ಶ್ರಾವಣದೊಳಗೆ ಸಿಕ್ಕಿತು. ಯಾರೋ ಪುಣ್ಯಾತ್ಮರು ಅದನ್ನು ಮದುವೆಯ ಮೆರವಣಿಗೆಗೆ ಡೊಳ್ಳೆಂದು ಜೋಡಿಸಿಕೊಂಡಿದ್ದರು. ಬಳೆಯಿಲ್ಲದ ಬರಿಗೈಯ ಮೆತ್ತನೆಯ ಸದ್ದು, ನಡುವೆ ಒಂದು ಮುದಿ ದನಿ: "ರುದ್ರ್ಯಾ, ಆ ಕ್ಯಾಮ್ರಾ ಡಬ್ಬಿ ಅತ್ತಾಗಿಟ್ಟು ಉಣ್ಣ ಬಾರೋ, ಆರ್ತೈತಿ." ಈಗ ಅವನು ದಿನಾ ಹೊಲಿಯುವಾಗ ಅದನ್ನೇ ಹಚ್ಚಿಕೊಂಡು ಕೂರುತ್ತಾನೆ. ನಾನು ಭಾನುವಾರ ಸಂತೆ ಮುಗಿಸಿ ತಮ್ಮನ ಮನೆಯಲ್ಲೇ ಉಣ್ಣುತ್ತೇನೆ, ಇರಾವತಿಗೆ ಚೂರು ಜೋಡಿಸುವುದನ್ನು ಹೇಳಿಕೊಡುತ್ತೇನೆ.

ಅಂದು ಶೆಡ್ಡಿನಲ್ಲಿ ಬಿದ್ದ ಗುದ್ದಿನ ಸದ್ದು ಯಾರ ಕ್ಯಾಮೆರಾಕ್ಕೆ ಹೋಯಿತೋ, ಇನ್ನೂ ಸಿಕ್ಕಿಲ್ಲ. ನನಗೇನೂ ಅವಸರವಿಲ್ಲ. ನಿಮ್ಮ ಮನೆಯ ವಿಡಿಯೊದಲ್ಲಿ ರೊಟ್ಟಿ ಬಡಿಯುವ ಸದ್ದು ಬಹಳ ಚೆನ್ನಾಗಿ ಬಂದಿದ್ದರೆ, ಒಮ್ಮೆ ಕೈ ಸರಿಯಾಗಿ ನೋಡಿಕೊಳ್ಳಿ. ನನ್ನ ಬೆನ್ನಿರಬಹುದು.